ಬೆಂಕಿಗೆ ಬೇಕಾದ ಕ್ರಿಯಾಪದ

"ಅಜ್ಜಾರ, ಇಂಗ್ಲಿಷಿನಾಗ ಶುರು ಆತು ಅನ್ನಾಕ ಎಷ್ಟ್ ಕ್ರಿಯಾಪದ ಅದಾವ್ರಿ? ಅದರಾಗ ಬ್ಯಾನಿಗೆ ಹೊಂದೂದು ಯಾವುದು?"

ಕೇಳಿದವನು ಮುರಿಗೆಪ್ಪ. ಮಠದ ಪ್ರಸಾದ ನಿಲಯದ ಉಸ್ತುವಾರಿ ಅವನದು. ನೂರಾ ಇಪ್ಪತ್ತು ಹುಡುಗರ ಊಟ, ನೀರು, ಹಾಸಿಗೆ ಎಲ್ಲ ಅವನ ಮೇಲೆ. ಕೇಳಿಸಿಕೊಂಡವರು ಮಠದ ಹಿರಿಯ ಗುರುಗಳು. ಎಲ್ಲರೂ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು. ಒಂದು ಕಾಲಕ್ಕೆ ಮಠದ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಇಂಗ್ಲಿಷ್ ಕಲಿಸಿದವರು. ಆದ್ದರಿಂದ ಇಂಗ್ಲಿಷಿನಲ್ಲಿ ಯಾರಿಗೆ ಏನು ತೊಡಕು ಬಂದರೂ ಅವರ ಮುಂದೆ ಹೋಗಿ ಕೂರುವುದು ವಾಡಿಕೆಯಾಗಿತ್ತು. ಅನುಮಾನಪಡುವಂಥ ಪ್ರಶ್ನೆಯೇನೂ ಅಲ್ಲ. ಆದರೂ ಮುರಿಗೆಪ್ಪನ ಅಂಗೈ ಬೆವರಿ, ಹಿಡಿದಿದ್ದ ಕಾಗದದ ಅಂಚು ಒದ್ದೆಯಾಗಿತ್ತು.

ಎಂಟು ದಿನದ ಹಿಂದೆ ನಿಲಯದ ನಲವತ್ತೊಂದು ಹುಡುಗರಿಗೆ ಒಮ್ಮೆಲೇ ವಾಂತಿಭೇದಿ ಹಿಡಿದಿತ್ತು. ಹೆಚ್ಚಿನವರು ಚೇತರಿಸಿಕೊಂಡರು. ಇಬ್ಬರು ಇನ್ನೂ ಆಸ್ಪತ್ರೆಯಲ್ಲಿದ್ದರು. ನಿಲಯಕ್ಕೆ ದವಸ ಕಳಿಸುವ ಟ್ರಸ್ಟಿನವರು ದೂರದ ದಿಲ್ಲಿಯವರು, ಕನ್ನಡ ಬಾರದವರು. ಬೇನೆ ಹೇಗೆ ಶುರುವಾಯಿತು ಎಂಬುದನ್ನು ಇಂಗ್ಲಿಷಿನಲ್ಲಿ ಬರೆದು ನಾಳೆ ಸಂಜೆಯೊಳಗೆ ಕಳಿಸಿ ಎಂದು ಅವರು ಫೋನು ಮಾಡಿದ್ದರು. ಅಡುಗೆಯವಳನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬುದನ್ನು ಆ ಬರಹ ನೋಡಿ ಹೇಳುತ್ತೇವೆ ಎಂದೂ ಸೇರಿಸಿದ್ದರು.

ಅಡುಗೆಯವಳು ಫಕೀರವ್ವ. ಹತ್ತೊಂಬತ್ತು ವರ್ಷದಿಂದ ಆ ಒಲೆಯ ಮುಂದೆ ನಿಂತವಳು. ಗಂಡ ಇಲ್ಲ, ಮಕ್ಕಳಿಲ್ಲ. ಅಡುಗೆಮನೆಯ ಹಿಂದಿನ ಕೋಣೆಯೇ ಅವಳ ಮನೆ. ಕೆಲಸ ಹೋದರೆ ಕೋಣೆಯೂ ಹೋಗುತ್ತಿತ್ತು.

ಬೇನೆ ಹೇಗೆ ಶುರುವಾಯಿತೆಂಬುದು ಮುರಿಗೆಪ್ಪನಿಗೆ ಗೊತ್ತಿತ್ತು. ಒಂದು ಸೋಮವಾರ ನೀರು ಎಷ್ಟಿದೆ ನೋಡಲು ಅವನೇ ಮಾಳಿಗೆ ಹತ್ತಿ ಕುಡಿಯುವ ನೀರಿನ ತೊಟ್ಟಿಯ ಮುಚ್ಚಳ ತೆಗೆದಿದ್ದ. ಅಷ್ಟರಲ್ಲಿ ಫೋನು ಬಂತು. ಮಾತಾಡುತ್ತ ಕೆಳಗಿಳಿದವನು ಮುಚ್ಚಳವನ್ನು ಮರೆತೇಬಿಟ್ಟ. ಹುಡುಗರು ಒಬ್ಬೊಬ್ಬರಾಗಿ ಮಲಗಿದಾಗಲೇ ನೆನಪಾದದ್ದು. ಎದ್ದು ಬಿದ್ದು ಮೇಲೆ ಓಡಿದರೆ, ನೀರಿನಲ್ಲಿ ಒಂದು ಪಾರಿವಾಳ ಸತ್ತು ತೇಲುತ್ತಿತ್ತು. ಅದನ್ನು ಎತ್ತಿ ಹಿತ್ತಲಿನ ಆಚೆಗೆ ಎಸೆದ. ತೊಟ್ಟಿ ಬರಿದು ಮಾಡಿ ತೊಳೆದ. ಮುಚ್ಚಳ ಹಾಕಿದ. ಯಾರಿಗೂ ಹೇಳಲಿಲ್ಲ.

ಅವನು ಕೆಳಗಿಳಿದು ಬಂದಾಗ ಮೆಟ್ಟಿಲ ಬುಡದಲ್ಲಿ ಫಕೀರವ್ವ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದಳು. ಎದ್ದು ಬಂದು ಅವನ ಹೆಗಲ ಮೇಲಿದ್ದ ಗರಿಯೊಂದನ್ನು ತೆಗೆದು ಬಿಸಾಡಿದಳು. "ಮುಂಜಾನಿಂದ ಏನೂ ತಿಂದಿಲ್ಲ ನೀವು. ಬರ್ರಿ, ಒಂದು ರೊಟ್ಟಿ ತಿನ್ರಿ" ಎಂದು ಒಳಗೆ ಹೋದಳು. ಅಷ್ಟೇ. ಮಠದ ತುಂಬ ಪಾರಿವಾಳಗಳೇ, ಯಾರ ಹೆಗಲ ಮೇಲೆ ಬೇಕಾದರೂ ಗರಿ ಬೀಳಬಹುದು. ಅವಳಿಗೆ ಏನೂ ಗೊತ್ತಾಗಿಲ್ಲ ಎಂದು ಮುರಿಗೆಪ್ಪ ಅಂದುಕೊಂಡ. ಎಂಟು ದಿನದಿಂದ ದಿನಕ್ಕೆ ಹತ್ತು ಸಲ ಹಾಗೆ ಅಂದುಕೊಳ್ಳುತ್ತಿದ್ದ.

ಅಜ್ಜಾರು ಕಾಗದವನ್ನು ಇಸಿದುಕೊಂಡು ಕನ್ನಡಕ ಏರಿಸಿದರು. ನಿಲಯದಲ್ಲಿ ಬೇನೆ 'ಬ್ರೋಕ್ ಔಟ್' ಎಂದು ಮೊದಲ ಸಾಲಿನಲ್ಲೇ ಬರೆದಿತ್ತು. ಆ ಪದದ ಕೆಳಗೆ ಪೆನ್ಸಿಲಿನಲ್ಲಿ ಬಿಗಿನ್, ಸ್ಟಾರ್ಟ್, ಅರೈಸ್, ಅಕರ್ ಎಂದು ಒಂದೊಂದಾಗಿ ಬರೆದು, ಒಂದೊಂದಾಗಿ ಹೊಡೆದು ಹಾಕಿತ್ತು.

"ಭಾಳ ಹುಡುಕೀಯಪಾ" ಎಂದರು ಅಜ್ಜಾರು. "ಕುಂದ್ರು. ಹಿಂಗ ಹುಡುಕಿದವ ಇನ್ನೊಬ್ಬ ಇದ್ದ."

ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಗಿರಣಿ ಇತ್ತು. ಬ್ರಿಟಿಷರ ಕಾಲ. ಗಿರಣಿಯ ಒಡೆಯರು ಮುಂಬಯಿಯಲ್ಲಿ ಇರುತ್ತಿದ್ದರು. ಇಲ್ಲಿಯ ಪತ್ರ ವ್ಯವಹಾರವನ್ನೆಲ್ಲ ಒಬ್ಬ ಗುಮಾಸ್ತ ಇಂಗ್ಲಿಷಿನಲ್ಲಿ ನಡೆಸುತ್ತಿದ್ದ.

ಗುಮಾಸ್ತನಿಗೆ ಇಂಗ್ಲಿಷಿನ ಹುಚ್ಚು. ಸುಮ್ಮನೆ ಹುಚ್ಚಲ್ಲ, ಕ್ರಿಯಾಪದಗಳ ಹುಚ್ಚು. ತನ್ನ ಕೈಯಾರೆ ಹೊಲಿದ ಒಂದು ಪುಸ್ತಕದಲ್ಲಿ ಅವುಗಳನ್ನು ಬಳಗ ಬಳಗವಾಗಿ ಬರೆದಿಟ್ಟಿದ್ದ. ಶುರುವಾಗುವ ಕ್ರಿಯೆಯ ಬಳಗವೇ ಎಲ್ಲಕ್ಕಿಂತ ದೊಡ್ಡದು. ಸಭೆಗೆ ಕಮೆನ್ಸ್, ಮಳೆಗಾಲಕ್ಕೆ ಸೆಟ್ ಇನ್, ತಕರಾರಿಗೆ ಅರೈಸ್, ಗಾಳಿಗೆ ಸ್ಪ್ರಿಂಗ್ ಅಪ್, ಬೆಂಕಿಗೂ ಬೇನೆಗೂ ಬ್ರೇಕ್ ಔಟ್. ಒಂದರ ಜಾಗದಲ್ಲಿ ಇನ್ನೊಂದನ್ನು ಯಾರಾದರೂ ಹಾಕಿದರೆ ಅವನಿಗೆ ಅನ್ನದಲ್ಲಿ ಕಲ್ಲು ಕಡಿದಂತಾಗುತ್ತಿತ್ತು. ಎದುರು ಪುಟದಲ್ಲಿ ಬೇರೆ ನಾಲ್ಕಾರು ಇದ್ದವು. ಉಂಟುಮಾಡುವ ಕಾಸ್, ಹೊತ್ತಿಸುವ ಕಿಂಡಲ್, ಆರಂಭಿಸಿಕೊಡುವ ಲಾಂಚ್, ಇಂಥವು. ಇವು ತಾವಾಗಿ ನಿಲ್ಲುವವಲ್ಲ. ಇವುಗಳ ಜೊತೆ ಮಾಡಿದವರ ಹೆಸರು ಬರೆಯಲೇಬೇಕು. ಸ್ಟಾರ್ಟಿನಂಥ ಕೆಲವು ಎರಡೂ ಪುಟದಲ್ಲಿದ್ದವು. ಗುಮಾಸ್ತ ಈ ಪುಸ್ತಕವನ್ನು ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದ. ಬಂದವರು ಪಾಪ, ತಲೆದೂಗಿ ಚಹಾ ಕುಡಿದು ಹೋಗುತ್ತಿದ್ದರು.

ಆ ಗಿರಣಿಗೆ ಒಂದು ಕಟ್ಟಳೆ ಇತ್ತು. ಹತ್ತಿ ಇರುವ ಜಾಗದಲ್ಲಿ ಒಂದು ಕಿಡಿ ಸಾಕು. ಅದಕ್ಕಾಗಿ ಬಾಗಿಲಲ್ಲಿ ಒಂದು ದೊಡ್ಡ ಮಡಕೆ ಹೂಳಿಟ್ಟಿದ್ದರು. ಒಳಗೆ ಹೋಗುವವರು ಯಾರೇ ಇರಲಿ, ಬೀಡಿ, ಕಡ್ಡಿಪೆಟ್ಟಿಗೆಗಳನ್ನು ಆ ಮಡಕೆಯಲ್ಲಿ ಹಾಕಿ ಹೋಗಬೇಕು. ಹೊರಗೆ ಬರುವಾಗ ತೆಗೆದುಕೊಳ್ಳಬೇಕು. ಮಡಕೆಯ ಪಕ್ಕ ಒಬ್ಬ ಕಾವಲುಗಾರ ಕೂತಿರುತ್ತಿದ್ದ. ಅವನು ಪ್ರತಿಯೊಬ್ಬರ ಸೊಂಟ ತಡವಿ, ರುಮಾಲು ಬಿಚ್ಚಿಸಿ ನೋಡಿ ಒಳಗೆ ಬಿಡುತ್ತಿದ್ದ. ಸ್ವಂತ ತಮ್ಮನನ್ನೂ ಬಿಟ್ಟವನಲ್ಲ.

ಅವನು ತಡವದೆ ಬಿಡುತ್ತಿದ್ದುದು ಗುಮಾಸ್ತನೊಬ್ಬನನ್ನೇ. ಪತ್ರಗಳಿಗೆ ಅರಗು ಕಾಯಿಸಿ ಮುದ್ರೆ ಒತ್ತಬೇಕಲ್ಲ, ಅದಕ್ಕೆ ಕಡ್ಡಿ ಬೇಕು. ಒಡೆಯರೇ ಅಪ್ಪಣೆ ಕೊಟ್ಟಿದ್ದರು. ಗುಮಾಸ್ತನೂ ಜಾಗರೂಕ ಮನುಷ್ಯ. ಮೇಜಿನ ಮೇಲೆ ಒಂದು ಹಿತ್ತಾಳೆ ಬಟ್ಟಲಿನಲ್ಲಿ ನೀರು ಇಟ್ಟುಕೊಳ್ಳುತ್ತಿದ್ದ. ಉರಿದ ಕಡ್ಡಿಯನ್ನು ಅದರಲ್ಲಿ ಅದ್ದಿ, ಚುಂಯ್ ಎಂದ ಮೇಲೆಯೇ ಕೈಬಿಡುತ್ತಿದ್ದ. ದಿನಾ ಬೆಳಿಗ್ಗೆ ಬಂದವನು ಮೊದಲು ಕಾವಲುಗಾರನ ಕೊಡದಿಂದಲೇ ಆ ಬಟ್ಟಲು ತುಂಬಿ ಆಮೇಲೆ ಕುರ್ಚಿಯ ಮೇಲೆ ಕೂರುವನು.

ಒಂದು ವರ್ಷ ಸುಗ್ಗಿ ಬಂತು. ಗಿರಣಿ ಶುರುವಾದ ಸುದ್ದಿಯನ್ನು ಒಡೆಯರಿಗೆ ಬರೆಯಬೇಕು. ಆ ದಿನ ಬೆಳಿಗ್ಗೆ ಗುಮಾಸ್ತ ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತ ಬಂದ. ಕೆಲಸ ಬಿಗಿನ್ ಆಯಿತು ಎನ್ನುವುದೋ, ಕಮೆನ್ಸ್ ಆಯಿತು ಎನ್ನುವುದೋ? ಬಿಗಿನ್ ಅಂದರೆ ತೀರ ಸಾದಾ ಆಯಿತು, ಕಮೆನ್ಸ್ ಅಂದರೆ ಹಮ್ಮು ಅನಿಸಬಹುದು. ಬಂದವನೇ ಪುಸ್ತಕ ತೆರೆದ. ಒಂದು ಕಾಗದ ಬರೆದು ಹರಿದ. ಇನ್ನೊಂದು ಬರೆದು ಹರಿದ. ಮಧ್ಯಾಹ್ನವಾಯಿತು. ಟಪ್ಪಾಲಿನವನು ಬಾಗಿಲಲ್ಲಿ ನಿಂತು ಕೂಗಿದ. ಗುಮಾಸ್ತ ಗಡಿಬಿಡಿಯಿಂದ ಕಮೆನ್ಸ್ ಎಂದೇ ಬರೆದು, ಕಡ್ಡಿ ಗೀರಿ, ಅರಗು ಕಾಯಿಸಿ ಮುದ್ರೆ ಒತ್ತಿದ. ಕಡ್ಡಿ ಅದ್ದಲು ಕೈ ಚಾಚಿದರೆ ಬಟ್ಟಲು ಒಣಗಿತ್ತು. ಆ ದಿನ ನೀರು ತುಂಬುವುದನ್ನೇ ಅವನು ಮರೆತಿದ್ದ. ಕಡ್ಡಿಯ ಬಿಸಿ ಬೆರಳಿಗೆ ತಾಕಿತು. ಉಫ್ ಎಂದು ಊದಿ ಕಿಟಕಿಯಿಂದ ಹೊರಗೆ ಬಿಸಾಡಿ, ಟಪ್ಪಾಲಿನವನ ಹಿಂದೆ ಓಡಿದ.

ಕಿಟಕಿಯ ಆಚೆ ಗೋಡೆಯ ಬುಡದಲ್ಲಿ ಗಾಳಿಗೆ ಹಾರಿ ಬಂದ ಅರಳೆ ಮೊಣಕಾಲೆತ್ತರ ಬಿದ್ದಿತ್ತು.

ಬೆಂಕಿ ಮೂರು ತಾಸು ಉರಿಯಿತು. ಅರ್ಧ ಉಗ್ರಾಣ ಹೋಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಎಲ್ಲರಿಗಿಂತ ಮೊದಲು ನುಗ್ಗಿದವನು ಕಾವಲುಗಾರ. ಉರಿಯುವ ಹತ್ತಿ ಅಂಡಿಗೆಗಳನ್ನು ಬರಿಗೈಯಲ್ಲಿ ಎಳೆದೆಳೆದು ಹಾಕಿದ. ಅವನ ಎರಡೂ ಕೈ ಮೊಣಕೈವರೆಗೆ ಬೆಂದವು.

ಗುಮಾಸ್ತ ಮನೆಗೆ ಹೋಗಿ ಕೂತ. ಅವನಿಗೆ ಎಲ್ಲ ಗೊತ್ತಿತ್ತು. ಹೇಳಿಬಿಡಬೇಕು ಎಂದು ಎದ್ದು ಚಪ್ಪಲಿ ಮೆಟ್ಟುವನು, ಅಂಗಳದ ತನಕ ಹೋಗುವನು, ತಿರುಗಿ ಬರುವನು. ಹೇಳಿದರೆ ಕುರ್ಚಿ ಹೋಗುತ್ತದೆ, ಮರ್ಯಾದೆ ಹೋಗುತ್ತದೆ, ಜೈಲೂ ಆಗಬಹುದು. ಯಾರೂ ನೋಡಿಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಬೆಂಕಿ ಬೇಕೆಂದು ಹಚ್ಚಿದ್ದಲ್ಲವಲ್ಲ ಎಂದೂ ಹೇಳಿಕೊಂಡ. ಅದು ನಿಜವೂ ಆಗಿತ್ತು. ನಿಜವಾದ ಮಾತು ಸಿಕ್ಕಿತೆಂದು ಅವನಿಗೆ ತುಸು ಧೈರ್ಯ ಬಂತು.

ಕತೆ ಇಲ್ಲಿಗೆ ಬಂದಾಗ ಮುರಿಗೆಪ್ಪ ಕಾಲು ಬದಲಿಸಿ ಕೂತ. ಎದ್ದು ಹೋಗಲು ನೆಪ ಹುಡುಕಿದ, ಸಿಗಲಿಲ್ಲ. ಅಜ್ಜಾರು ಅವನ ಕಡೆ ನೋಡಲಿಲ್ಲ. ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಮುಂದುವರಿಸಿದರು.

ನಾಲ್ಕನೆಯ ದಿನ ಮುಂಬಯಿಯಿಂದ ಒಬ್ಬ ಸಾಹೇಬ ಬಂದ. ಬೆಂಕಿ ಹೇಗೆ ಶುರುವಾಯಿತು, ಬರೆದುಕೊಡು ಎಂದು ಗುಮಾಸ್ತನಿಗೇ ಹೇಳಿದ. ಇಂಗ್ಲಿಷ್ ಬಲ್ಲವನು ಅವನೊಬ್ಬನೇ ತಾನೆ!

ಗುಮಾಸ್ತ ಪುಸ್ತಕ ತೆರೆದು ಕೂತ. ಹೆಸರು ಬೇಡುವ ಎದುರು ಪುಟವನ್ನು ಅಂಗೈಯಿಂದ ಮುಚ್ಚಿಕೊಂಡ. ಈ ಪುಟದ ಪದಗಳನ್ನು ಮಾತ್ರ ಒಂದೊಂದಾಗಿ ನೋಡಿದ. ಕೊನೆಗೆ, ಮಧ್ಯಾಹ್ನದ ಹೊತ್ತಿಗೆ ಗಿರಣಿಯ ಅಂಗಳದಲ್ಲಿ ಬೆಂಕಿ 'ಬ್ರೋಕ್ ಔಟ್' ಎಂದು ಬರೆದ. ವ್ಯಾಕರಣದಲ್ಲಿ ಒಂದು ತಪ್ಪು ಹುಡುಕಲಾಗದ ವಾಕ್ಯ. ಸಾಹೇಬ ಓದಿ, ನಿನ್ನ ಇಂಗ್ಲಿಷ್ ಚೆನ್ನಾಗಿದೆ ಎಂದು ಮೆಚ್ಚಿದ. ಆ ಹೊಗಳಿಕೆಗಾಗಿ ಗುಮಾಸ್ತ ಹನ್ನೊಂದು ವರ್ಷ ಕಾದಿದ್ದ. ಅದು ಬಂದ ದಿನ ಅವನಿಗೆ ಅನ್ನ ಸೇರಲಿಲ್ಲ.

ಸಾಹೇಬ ಅಷ್ಟಕ್ಕೇ ಬಿಡಲಿಲ್ಲ. ಕಡ್ಡಿಯಿಲ್ಲದೆ ಬೆಂಕಿ ಬಾರದು, ಕಡ್ಡಿ ಒಳಗೆ ಹೋಗದಂತೆ ನೋಡುವವನು ಯಾರು ಎಂದು ಕೇಳಿದ. ಕಾವಲುಗಾರನನ್ನು ಕರೆಸಿದರು. ಎರಡೂ ಕೈಗೆ ಬಟ್ಟೆ ಸುತ್ತಿಕೊಂಡು ಅವನು ಬಂದು ನಿಂತ. ಅವನಿಗೆ ಇಂಗ್ಲಿಷ್ ಬಾರದು, ಸಾಹೇಬನಿಗೆ ಕನ್ನಡ ಬಾರದು. ನಡುವೆ ಗುಮಾಸ್ತ ನಿಂತ.

"ಅವತ್ತು ಎಲ್ಲರನ್ನೂ ತಡವಿ ನೋಡಿದ್ದೆಯಾ ಎಂದು ಸಾಹೇಬರು ಕೇಳುತ್ತಾರೆ" ಎಂದ ಗುಮಾಸ್ತ.

ಕಾವಲುಗಾರ ಸ್ವಲ್ಪ ಹೊತ್ತು ಗುಮಾಸ್ತನ ಮುಖ ನೋಡಿದ. "ತಡವಬೇಕಾದವರನ್ನೆಲ್ಲಾ ತಡವೀನ್ರಿ, ರಾಯರ" ಎಂದ.

ಗುಮಾಸ್ತ ಸಾಹೇಬನ ಕಡೆ ತಿರುಗಿದ. ಎಲ್ಲರನ್ನೂ ತಡವಿ ನೋಡಿದ್ದೇನೆ ಎನ್ನುತ್ತಾನೆ ಎಂದು ಇಂಗ್ಲಿಷಿನಲ್ಲಿ ಹೇಳಿದ.

ಹಾಗಾದರೆ ಇವನು ಸುಳ್ಳುಗಾರ, ಇಲ್ಲವೇ ಕೂತಲ್ಲೇ ನಿದ್ದೆ ಹೊಡೆಯುವವನು ಎಂದ ಸಾಹೇಬ. ಗುಮಾಸ್ತನ ವಾಕ್ಯದಲ್ಲಿ ಯಾರ ಹೆಸರೂ ಇರಲಿಲ್ಲ. ಖಾಲಿ ಬಿಟ್ಟ ಆ ಜಾಗದಲ್ಲಿ ಸಾಹೇಬ ಕಾವಲುಗಾರನ ಹೆಸರು ಬರೆಸಿದ. ಬರೆದವನೂ ಗುಮಾಸ್ತನೇ. ಕೆಳಗೆ ಹೆಬ್ಬೆಟ್ಟು ಒತ್ತು ಎಂದರು. ಬಟ್ಟೆ ಬಿಚ್ಚಿ ನೋಡಿದರೆ ಬಲಗೈ ಹೆಬ್ಬೆರಳಿನ ಚರ್ಮವೇ ಹೋಗಿತ್ತು. ಎಡಗೈ ಹೆಬ್ಬೆರಳು ತುಸು ಪರವಾಗಿಲ್ಲ ಎನ್ನುವಂತಿತ್ತು. ಗುಮಾಸ್ತನೇ ಆ ಬೆರಳು ಹಿಡಿದು, ಮಸಿ ಹಚ್ಚಿ, ಕಾಗದಕ್ಕೆ ಒತ್ತಿಸಬೇಕಾಯಿತು. ಕಾವಲುಗಾರ ಹಲ್ಲು ಕಚ್ಚಿಕೊಂಡ. ಕೂಗಲಿಲ್ಲ. ಏನು ಬರೆದಿದೆ ಎಂದೂ ಕೇಳಲಿಲ್ಲ.

ಮರುದಿನವೇ ಅವನನ್ನು ಕೆಲಸದಿಂದ ತೆಗೆದರು. ಬಾಗಿಲ ಪಕ್ಕದ ಗುಡಿಸಲನ್ನೂ ಬಿಡಿಸಿದರು. ಹೆಂಡತಿಯ ತಲೆಯ ಮೇಲೆ ಗಂಟು ಹೊರಿಸಿಕೊಂಡು, ತಾನು ಏನನ್ನೂ ಹಿಡಿಯಲಾರದ ಕೈಗಳನ್ನು ಎದೆಗೆ ಒತ್ತಿಕೊಂಡು, ಅವನು ಊರು ಬಿಟ್ಟು ಹೋದ. ಗುಮಾಸ್ತ ಇನ್ನೂ ಹದಿನಾಲ್ಕು ವರ್ಷ ಅದೇ ಕುರ್ಚಿಯಲ್ಲಿ ಕೂತು ಪತ್ರ ಬರೆದ. ಪ್ರತಿ ಸುಗ್ಗಿಗೂ ಕೆಲಸ ಶುರುವಾದ ಸುದ್ದಿ ಬರೆಯಬೇಕಾಗುತ್ತಿತ್ತು. ಪುಸ್ತಕವನ್ನು ಮಾತ್ರ ಆಮೇಲೆ ಯಾರಿಗೂ ತೋರಿಸಲಿಲ್ಲ.

ಅಜ್ಜಾರು ಕತೆ ನಿಲ್ಲಿಸಿದರು. ಕಾಗದವನ್ನು ಮಡಿಸಿ ಮುರಿಗೆಪ್ಪನ ಮುಂದೆ ಇಟ್ಟರು. ಯಾವ ಕ್ರಿಯಾಪದ ಸರಿ ಎಂದು ಹೇಳಲಿಲ್ಲ.

ಮುರಿಗೆಪ್ಪ ಕಾಗದ ಮುಟ್ಟಲಿಲ್ಲ. ಅಜ್ಜಾರಿಗೆ ತೊಟ್ಟಿಯ ಸಂಗತಿ ಗೊತ್ತಾಗಿದೆಯೋ, ಬರೀ ಆ ಸಾಲು ಓದಿ ಈ ಕತೆ ಹೇಳಿದರೋ ತಿಳಿಯಲಿಲ್ಲ. ಅಡುಗೆಮನೆಯ ಕಡೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಫಕೀರವ್ವ ಸಂಜೆಯ ಊಟಕ್ಕೆ ಅಣಿ ಮಾಡುತ್ತಿದ್ದಳು. ತನ್ನ ಬಗ್ಗೆ ಇಲ್ಲಿ ಬರೆಯುತ್ತಿರುವುದು ಅವಳಿಗೂ ಗೊತ್ತಿತ್ತು. ಎರಡು ದಿನದಿಂದ ಅವಳು ಯಾರ ಹತ್ತಿರವೂ ಹೆಚ್ಚು ಮಾತಾಡಿರಲಿಲ್ಲ. ತೊಟ್ಟಿಯ ಮಾತನ್ನಂತೂ ಎತ್ತಿರಲೇ ಇಲ್ಲ. ಗೊತ್ತಿದ್ದರೆ ಹೇಳದೆ ಇರುತ್ತಿದ್ದಳೇ? ಕೆಲಸ, ಕೋಣೆ ಎರಡೂ ಹೋಗುತ್ತವೆ ಅಂದಾಗ ಯಾರು ತಾನೇ ಸುಮ್ಮನಿರುತ್ತಾರೆ? ಮುರಿಗೆಪ್ಪನಿಗೆ ಹಿಡಿದುಕೊಳ್ಳಲು ಉಳಿದದ್ದು ಅದೊಂದೇ ಸಮಾಧಾನ. ಅದನ್ನೇ ಹಿಡಿದುಕೊಂಡು ಕೇಳಿದ.

"ಆ ಕಾವಲುಗಾರಗ ಏನೂ ಗೊತ್ತಿರಲಿಲ್ಲ, ಹೌದಲ್ರಿ ಅಜ್ಜಾರ? ಗೊತ್ತಿದ್ರ ಸಾಹೇಬನ ಮುಂದ ಹೇಳೇ ಹೇಳತಿದ್ದ."

ಅಜ್ಜಾರು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು.

"ಊರು ಬಿಡೂ ಮುಂಜಾನೆ ಅಂವ ಆ ಬೆಂದ ಕೈಲೇ ಗುಮಾಸ್ತನ ಬಟ್ಟಲಕ್ಕ ನೀರು ತುಂಬಿಟ್ಟು ಹೋದ" ಎಂದರು.